ಏರ್ ಪಿಸ್ತೂಲಿನ ಸಣ್ಣ ಭಾಗಗಳು: ಸೀಲ್, ಟ್ರಿಗರ್, ಸೈಟ್, ಹಿಡಿ ಬದಲಿಸುವ ಕ್ರಮ

ಹತ್ತು ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲು ಕೆಟ್ಟಿದೆ ಎನ್ನುವಾಗ ಬಹುಪಾಲು ಸಲ ಕೆಟ್ಟಿರುವುದು ಒಂದು ರಬ್ಬರ್ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ಉಂಗುರ, ಅಂದರೆ ಸೀಲ್), ಸಡಿಲಗೊಂಡ ಒಂದು ಸ್ಕ್ರೂ, ಇಲ್ಲವೇ ಯಾರೋ ಸುಮ್ಮನೆ ತಿರುಗಿಸಿ ಬಿಟ್ಟ ಟ್ರಿಗರ್ ಹೊಂದಾಣಿಕೆ. ಇಷ್ಟಕ್ಕೆ ಪಿಸ್ತೂಲನ್ನು ಜರ್ಮನಿಗೋ ಇಟಲಿಗೋ ಕಳಿಸಿ ತಿಂಗಳುಗಟ್ಟಲೆ ಅಭ್ಯಾಸ ತಪ್ಪಿಸಿಕೊಳ್ಳಬೇಕಿಲ್ಲ. ಆದರೆ ತೊಂದರೆ ಎಲ್ಲಿದೆ ಎಂದು ಗೊತ್ತಾಗುವ ಮೊದಲು ಒಂದು ಸ್ಕ್ರೂವನ್ನೂ ಮುಟ್ಟಬಾರದು. ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕು. ಮೂರು ಸೀಲ್ ಒಟ್ಟಿಗೆ ಬದಲಿಸಿ, ಟ್ರಿಗರನ್ನೂ ಒಂದು ಸುತ್ತು ತಿರುಗಿಸಿದರೆ, ಆಮೇಲೆ ಬರುವ ಹೊಸ ತೊಂದರೆ ಯಾವುದರಿಂದ ಬಂತು ಎಂದು ಹೇಳಲು ಯಾರಿಂದಲೂ ಆಗದು.

ಇಲ್ಲಿರುವುದು 200 ಬಾರ್ ಒತ್ತಡದ ಗಾಳಿ ತುಂಬುವ ಸಿಲಿಂಡರ್ ಇರುವ ಸ್ಪರ್ಧಾ ಪಿಸ್ತೂಲುಗಳ ಮಾತು: ಸ್ಟೈಯರ್, ವಾಲ್ಥರ್, ಮೊರಿನಿ, ಪಾರ್ಡಿನಿ, ಫೈನ್‌ವರ್ಕ್‌ಬೌ ಇತ್ಯಾದಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ವ್ಯಾಸ ಮತ್ತು 20 ಜೂಲ್ ಶಕ್ತಿ ಮೀರದ ಏರ್ ಗನ್ನಿಗೆ ಪರವಾನಗಿ ಬೇಡ. ಅರ್ಧ ಗ್ರಾಂ ತೂಕದ ಸೀಸದ ಗುಂಡನ್ನು, ಅಂದರೆ ಪೆಲೆಟನ್ನು, ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹಾರಿಸುವ ಈ ಪಿಸ್ತೂಲುಗಳ ಶಕ್ತಿ ಆರು ಜೂಲಿನ ಒಳಗೇ ಇರುತ್ತದೆ. ಪಾಯಿಂಟ್ 22 ಸೆಮಿ-ಆಟೊಮ್ಯಾಟಿಕ್ ಪಿಸ್ತೂಲಿನ ವಿಷಯ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಶಸ್ತ್ರ’ ಎಂದರೆ ಅದರ ಬಿಡಿಭಾಗವೂ ಸೇರುತ್ತದೆ. ಅದರ ಫೈರಿಂಗ್ ಪಿನ್, ಸ್ಪ್ರಿಂಗ್, ಎಕ್ಸ್‌ಟ್ರ್ಯಾಕ್ಟರ್ ಕೆಲಸವನ್ನು ಪರವಾನಗಿ ಇರುವ ಗನ್‌ಸ್ಮಿತ್ ಬಳಿಯೇ ಮಾಡಿಸಬೇಕು.

ಮೊದಲು ಖಾಲಿ ಮಾಡುವುದು

ಬೋಲ್ಟ್ (ಪೆಲೆಟನ್ನು ಬ್ಯಾರಲಿಗೆ ನೂಕಿ ಹಿಂಬದಿ ಮುಚ್ಚುವ ಭಾಗ) ತೆರೆಯಿರಿ, ಪೆಲೆಟ್ ಇಲ್ಲವೆಂದು ಕಣ್ಣಿಂದ ನೋಡಿ, ಸಿಲಿಂಡರ್ ಬಿಚ್ಚಿ. ಇಲ್ಲಿಗೆ ಮುಗಿಯಿತು ಎಂದುಕೊಳ್ಳುವುದೇ ದೊಡ್ಡ ತಪ್ಪು. ಸಿಲಿಂಡರ್ ತೆಗೆದ ಮೇಲೂ ಎಷ್ಟೋ ಮಾದರಿಗಳಲ್ಲಿ ರೆಗ್ಯುಲೇಟರಿನ (ಸಿಲಿಂಡರಿನ ಒತ್ತಡವನ್ನು ಇಳಿಸಿ ಒಂದೇ ಮಟ್ಟದಲ್ಲಿಡುವ ಭಾಗ) ಮುಂದಿನ ಕೋಣೆಯಲ್ಲಿ ಒಂದೆರಡು ಹೊಡೆತಕ್ಕಾಗುವಷ್ಟು ಗಾಳಿ ಉಳಿದಿರುತ್ತದೆ. ಮೂತಿಯನ್ನು ಪೆಲೆಟ್ ಟ್ರ್ಯಾಪಿನ (ಪೆಲೆಟ್ ತಡೆದು ಹಿಡಿಯುವ ಪೆಟ್ಟಿಗೆ) ಕಡೆಗೆ ಹಿಡಿದು, ಪೆಲೆಟ್ ಇಲ್ಲದೆ, ಡ್ರೈ ಫೈರ್ (ಗಾಳಿ ಬಿಡದೆ ಟ್ರಿಗರ್ ಅಭ್ಯಾಸ ಮಾಡುವ) ಸ್ಥಾನದಲ್ಲಲ್ಲ, ಮಾಮೂಲಿ ಸ್ಥಾನದಲ್ಲೇ ಕಾಕ್ ಮಾಡಿ (ಹೊಡೆಯಲು ಸಜ್ಜು ಮಾಡಿ) ಹೊಡೆಯಿರಿ. ‘ಫುಸ್’ ಎನ್ನುವ ಸದ್ದು ಪೂರ್ತಿ ನಿಲ್ಲುವವರೆಗೆ ಮತ್ತೆ ಮತ್ತೆ ಹೊಡೆಯಬೇಕು. ಆಮೇಲೆ ಬ್ಯಾರಲಿನುದ್ದಕ್ಕೂ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗ್ ತೂರಿಸಿ. ಕೆಲಸ ಮುಗಿಯುವವರೆಗೂ ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ, ಕಣ್ಣಿಗೆ ಕನ್ನಡಕ ಇರಲಿ.

ಸಲಕರಣೆ ಹೆಚ್ಚೇನೂ ಬೇಡ. 1.5, 2, 2.5, 3 ಮಿ.ಮೀ. ಅಲೆನ್ ಕೀ ಸಾಕು. ಹಿಡಿಯ ಸ್ಕ್ರೂಗೆ ಇನ್ನೂ ದೊಡ್ಡದು ಬೇಕಾಗಬಹುದು. ಕೀ ಮಾತ್ರ ಒಳ್ಳೆಯದಿರಬೇಕು. ಅಗ್ಗದ ಕೀಯ ಮೂಲೆಗಳು ಸವೆದು, ಸ್ಕ್ರೂ ತಲೆಯೊಳಗಿನ ಆರು ಮೂಲೆಯನ್ನು ದುಂಡಗೆ ಮಾಡಿಬಿಡುತ್ತವೆ. ಎರಡು ಮಿಲಿಮೀಟರಿನ ಸ್ಕ್ರೂ ಒಮ್ಮೆ ಹಾಗಾದರೆ ಅದನ್ನು ತೆಗೆಯುವುದೇ ಒಂದು ದಿನದ ಕೆಲಸ. ಜೊತೆಗೆ ವರ್ನಿಯರ್ ಕ್ಯಾಲಿಪರ್, ಬಿದಿರಿನ ಹಲ್ಲುಕಡ್ಡಿ, ಸಿಲಿಕೋನ್ ಗ್ರೀಸ್, ನಾರು ಬಿಡದ ಬಟ್ಟೆ, ಬಿಳಿ ಟವೆಲ್ ಇಟ್ಟುಕೊಳ್ಳಿ. ಟವೆಲ್ ಮೇಲೆ ಕೆಲಸ ಮಾಡಿದರೆ ಕೈಜಾರಿದ ಸ್ಪ್ರಿಂಗ್ ಅಲ್ಲೇ ಬಿದ್ದಿರುತ್ತದೆ. ಟೈಲ್ಸ್ ನೆಲಕ್ಕೆ ಬಿದ್ದರೆ ಮಂಚದ ಅಡಿಯಲ್ಲಿ ಹುಡುಕಬೇಕಾಗುತ್ತದೆ.

ಗಾಳಿ ಎಲ್ಲಿ ಸೋರುತ್ತಿದೆ?

ಮೊದಲು, ಅದು ಸೋರಿಕೆಯೇ ಹೌದೇ ಎಂದು ನೋಡಿ. ಡಿಸೆಂಬರಿನಲ್ಲಿ ಬೆಂಗಳೂರಿನ ಮಧ್ಯಾಹ್ನದ 28 ಡಿಗ್ರಿಯಲ್ಲಿ 200 ಬಾರ್ ತುಂಬಿಸಿದ ಸಿಲಿಂಡರ್, ಮರುದಿನ ಬೆಳಗಿನ 16 ಡಿಗ್ರಿಯಲ್ಲಿ 192 ಬಾರ್ ತೋರಿಸುತ್ತದೆ. ಒಂದು ಚೂರು ಗಾಳಿಯೂ ಹೋಗಿರುವುದಿಲ್ಲ, ತಣ್ಣಗಾಗಿ ಒತ್ತಡ ಇಳಿದಿರುತ್ತದೆ ಅಷ್ಟೆ. ಬೇಗ ಬೇಗ ತುಂಬಿಸಿದಾಗಲೂ ಇದೇ ಆಗುತ್ತದೆ: ಸಿಲಿಂಡರ್ ಬಿಸಿಯಾಗಿ 200 ತೋರಿಸಿ, ಅರ್ಧ ಗಂಟೆಯಲ್ಲಿ ಕೆಳಗಿಳಿಯುತ್ತದೆ. ಹಾಗಾಗಿ ಎರಡೂ ಸಲ ಒಂದೇ ಹೊತ್ತಿನಲ್ಲಿ, ಒಂದೇ ಕೋಣೆಯಲ್ಲಿ ಗೇಜ್ ಓದಿ ಬರೆದಿಡಿ.

ನಿಜವಾಗಿ ಇಳಿಯುತ್ತಿದ್ದರೆ, ಸಿಲಿಂಡರನ್ನು ಪಿಸ್ತೂಲಿನಿಂದ ಬಿಚ್ಚಿ ಒಂದು ರಾತ್ರಿ ಬೇರೆ ಇಡಿ. ಬೇರೆ ಇಟ್ಟಾಗಲೂ ಇಳಿದರೆ ತಪ್ಪು ಸಿಲಿಂಡರಿನ ವಾಲ್ವಿನದು ಅಥವಾ ಗೇಜಿನದು. ಬೇರೆ ಇಟ್ಟಾಗ ನಿಂತು, ಕೂಡಿಸಿದಾಗ ಇಳಿದರೆ ತಪ್ಪು ಪಿಸ್ತೂಲಿನದು ಅಥವಾ ಎರಡೂ ಕೂಡುವ ಜಾಗದ ಸೀಲಿನದು. ಈ ಒಂದು ರಾತ್ರಿಯ ತಾಳ್ಮೆ ಅರ್ಧ ಕೆಲಸ ಉಳಿಸುತ್ತದೆ.

ಪಿಸ್ತೂಲಿನದೇ ಎಂದಾದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ನೀರಿಗೆ ಬೆರೆಸಿ, ಸಣ್ಣ ಬ್ರಷ್‌ನಿಂದ ಸಿಲಿಂಡರ್ ಕೂಡುವ ಜಾಗಕ್ಕೆ ಸವರಿ. ಗುಳ್ಳೆ ಎದ್ದರೆ ಅಲ್ಲಿಯ ಸೀಲ್. ಎಲೆಕ್ಟ್ರಾನಿಕ್ ಟ್ರಿಗರ್ ಇರುವ ಪಿಸ್ತೂಲಿನಲ್ಲಿ ಈ ನೀರು ಒಳಗಿಳಿಯದ ಹಾಗೆ ನೋಡಿಕೊಳ್ಳಿ. ಕೂಡುವ ಜಾಗದಲ್ಲಿ ಏನೂ ಇಲ್ಲದಿದ್ದರೆ, ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಇಟ್ಟು, ಪೆಲೆಟ್ ಇಲ್ಲವೆಂದು ಮತ್ತೊಮ್ಮೆ ಖಚಿತ ಮಾಡಿಕೊಂಡು, ಬೋಲ್ಟ್ ಮುಚ್ಚಿ, ಮೂತಿಯ ತುದಿಗೆ ಸೋಪು ನೀರಿನ ತೆಳು ಪೊರೆ ಹಿಡಿಸಿ. ಕಾಕ್ ಮಾಡಬೇಡಿ. ಪೊರೆ ಉಬ್ಬಿದರೆ ಫೈರಿಂಗ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಅದರ ಸೀಟಿನಲ್ಲಿ ಒಂದು ಕಸ ಕೂತಿದ್ದರೂ ಹೀಗಾಗುತ್ತದೆ. ಪೆಲೆಟ್ ಇಲ್ಲದೆ ಟ್ರ್ಯಾಪಿಗೆ ಗಾಳಿಯನ್ನಷ್ಟೇ ಹತ್ತಾರು ಸಲ ಹೊಡೆದರೆ ಕೆಲವೊಮ್ಮೆ ಕಸ ಹಾರಿಹೋಗಿ ವಾಲ್ವ್ ತಾನೇ ಸರಿಹೋಗುವುದುಂಟು.

ಇನ್ನೊಂದು ಬಗೆಯ ಸೋರಿಕೆ ಗೇಜಿನಲ್ಲಿ ಕಾಣುವುದೇ ಇಲ್ಲ. ಹೊಡೆಯುವ ಕ್ಷಣದಲ್ಲಿ ಮಾತ್ರ ಬೋಲ್ಟಿನ ಸುತ್ತ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಪೆಲೆಟ್‌ಗಳು ಕಾರಣವಿಲ್ಲದೆ ಕೆಳಗೆ ಬೀಳತೊಡಗಿದರೆ, ಗುರಿಹಾಳೆಯ ಮೇಲಿನ ತೂತುಗಳ ಗುಂಪು ಮೇಲೆ-ಕೆಳಗೆ ಉದ್ದವಾದರೆ ಇದರ ಮೇಲೆ ಅನುಮಾನ ಪಡಿ. ಬೆರಳಗಲದ ಟಿಶ್ಯೂ ಪೇಪರ್ ಪಟ್ಟಿಯನ್ನು ಮುಚ್ಚಿದ ಬೋಲ್ಟಿನ ಮೇಲೆ, ಪೆಲೆಟ್ ಹಾಕುವ ಜಾಗದಲ್ಲಿ ಸಡಿಲವಾಗಿ ಇಟ್ಟು, ರೇಂಜಿನಲ್ಲಿ ಒಂದು ಪೆಲೆಟ್ ಹೊಡೆಯಿರಿ. ಪಟ್ಟಿ ಎಗರಿ ಬಿದ್ದರೆ ಬೋಲ್ಟಿನ ಓ-ರಿಂಗ್ ಮುಗಿದಿದೆ. ಪೆಲೆಟ್ ಇಲ್ಲದೆ ಈ ಪರೀಕ್ಷೆ ಮಾಡಿದರೆ ಗಾಳಿಗೆ ಎದುರೊತ್ತಡವಿಲ್ಲದೆ ಸುಲಭವಾಗಿ ಮುಂದೆ ಹೋಗಿಬಿಡುತ್ತದೆ, ಕೆಟ್ಟ ರಿಂಗೂ ಚೆನ್ನಾಗಿದೆ ಎಂದೇ ತೋರುತ್ತದೆ.

ಓ-ರಿಂಗ್ ಕೊಳ್ಳುವುದು

ತಯಾರಕರ ಸೀಲ್ ಕಿಟ್ ಸಿಕ್ಕರೆ ಅದೇ ಒಳ್ಳೆಯದು. ತಕ್ಷಣಕ್ಕೆ ಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ, ಪೀಣ್ಯದ ಕಡೆ ಹೈಡ್ರಾಲಿಕ್ ಮತ್ತು ನ್ಯೂಮ್ಯಾಟಿಕ್ ಸೀಲ್ ಮಾರುವ ಅಂಗಡಿಗಳಲ್ಲಿ ವಿಚಾರಿಸಿ. ‘ಇಷ್ಟು ದಪ್ಪದ್ದು ಕೊಡಿ’ ಎಂದು ಹಳೆಯ ರಿಂಗ್ ತೋರಿಸಬೇಡಿ. ಒಳವ್ಯಾಸ, ದಪ್ಪ, ವಸ್ತು, ಗಡಸುತನ ಈ ನಾಲ್ಕನ್ನೂ ಹೇಳಿ ಕೇಳಿ. ನಲ್ಲಿಗೋ ವಾಟರ್ ಫಿಲ್ಟರಿಗೋ ಹಾಕುವ ಮೆತ್ತನೆಯ ರಿಂಗ್ 200 ಬಾರ್ ತಡೆಯುವುದಿಲ್ಲ, ಒತ್ತಡಕ್ಕೆ ಸಂದಿಯೊಳಗೆ ಹಿಂಡಿಹೋಗಿ ಅಂಚು ಹರಿಯುತ್ತದೆ. ಸಿಲಿಂಡರಿನ ಒತ್ತಡ ನೇರವಾಗಿ ಬೀಳುವ ಜಾಗಕ್ಕೆ ಶೋರ್ 90ರ (ಶೋರ್ ಎಂದರೆ ಗಡಸುತನದ ಅಳತೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ) ನೈಟ್ರೈಲ್ ರಬ್ಬರ್ ಅಥವಾ ಪಾಲಿಯುರೆಥೇನ್ ಬೇಕು. ಬೋಲ್ಟಿನ ಮೂತಿಗೆ ಕಡಿಮೆ ಒತ್ತಡ, ಹೆಚ್ಚು ಓಡಾಟ. ಅಲ್ಲಿಗೆ ಸಾಮಾನ್ಯವಾಗಿ ಶೋರ್ 70 ಸಾಕಾಗುತ್ತದೆ. ಕೈಪಿಡಿ ಬೇರೆ ಹೇಳಿದ್ದರೆ ಕೈಪಿಡಿಯದೇ ಕೊನೆಯ ಮಾತು.

ಹಳೆಯ ರಿಂಗನ್ನು ಅಳೆದು ತರುವವರು ಮೋಸ ಹೋಗುತ್ತಾರೆ. ವರ್ಷಗಟ್ಟಲೆ ಒತ್ತಿಸಿಕೊಂಡು ಅದು ಚಪ್ಪಟೆಯಾಗಿರುತ್ತದೆ. ಅಳೆಯಬೇಕಾದ್ದು ರಿಂಗ್ ಕೂರುವ ಗ್ರೂವನ್ನು. ಕೂತ ಮೇಲೆ ಕದಲದ ಸೀಲಿಗೆ ದಪ್ಪದ ಶೇಕಡ 15ರಿಂದ 25ರಷ್ಟು ಅದುಮುವಿಕೆ ಬೇಕು, ಓಡಾಡುವ ಸೀಲಿಗೆ ಶೇಕಡ 8ರಿಂದ 15. ಉದಾಹರಣೆಗೆ, ಗ್ರೂವಿನ ತಳದಿಂದ ಎದುರು ಗೋಡೆಗೆ 1.40 ಮಿ.ಮೀ. ಜಾಗವಿದೆ ಎನ್ನಿ. 1.78 ಮಿ.ಮೀ. ದಪ್ಪದ ರಿಂಗ್ ಹಾಕಿದರೆ ಅದುಮುವಿಕೆ ಶೇಕಡ 21, ಕದಲದ ಸೀಲಿಗೆ ಹೇಳಿ ಮಾಡಿಸಿದ ಹಾಗೆ. ಅಲ್ಲೇ 1.5 ಹಾಕಿದರೆ ಶೇಕಡ 7 ಕೂಡ ಆಗದು, ಮೊದಲ ದಿನವೇ ಸೋರುತ್ತದೆ. 2.0 ಹಾಕಿದರೆ ಶೇಕಡ 30, ಕೂಡಿಸುವಾಗಲೇ ಅಂಚು ಕತ್ತರಿಸಿಹೋಗುತ್ತದೆ. ಕಾಲು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಕಾಣದು, ವರ್ನಿಯರಿಗೆ ಕಾಣುತ್ತದೆ.

ಬೋಲ್ಟಿನ ರಿಂಗ್ ಬದಲಿಸುವುದು

ಕೆಲವು ಮಾದರಿಗಳಲ್ಲಿ ಈ ರಿಂಗ್ ಬೋಲ್ಟಿನ ಮೂತಿಯ ಮೇಲಿದೆ, ಕೆಲವದರಲ್ಲಿ ಬ್ಯಾರಲಿನ ಹಿಂಬದಿಯ ಕುಳಿಯಲ್ಲಿ ಕೂತಿದೆ. ಟಾರ್ಚ್ ಬಿಟ್ಟು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ರಿಂಗನ್ನು ಹಲ್ಲುಕಡ್ಡಿಯ ತುದಿಯಿಂದ ಒಂದು ಕಡೆ ಎತ್ತಿ, ಇನ್ನೊಂದು ಕಡ್ಡಿಯಿಂದ ಈಚೆಗೆ ಉರುಳಿಸಿ. ಸೂಜಿ, ಸೇಫ್ಟಿ ಪಿನ್ನು, ಸಣ್ಣ ಸ್ಕ್ರೂಡ್ರೈವರ್ ಬೇಡವೇ ಬೇಡ. ಗ್ರೂವಿನ ತಳಕ್ಕೆ ಕೂದಲೆಳೆಯಷ್ಟು ಗೀರು ಬಿದ್ದರೂ ಗಾಳಿ ಆ ಗೀರಿನಗುಂಟವೇ ದಾರಿ ಮಾಡಿಕೊಳ್ಳುತ್ತದೆ, ಆಮೇಲೆ ಎಂಥ ಹೊಸ ರಿಂಗ್ ಹಾಕಿದರೂ ಉಪಯೋಗವಿಲ್ಲ.

ಹಳೆಯದನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಸಮನಾಗಿ ಚಪ್ಪಟೆಯಾಗಿದ್ದರೆ ಬರೀ ವಯಸ್ಸಾಗಿದೆ. ಒಂದೇ ಕಡೆ ಕಡಿದಿದ್ದರೆ ಲೋಹದ ಅಂಚು ಎಲ್ಲೋ ಚೂಪಾಗಿದೆ, ಅಥವಾ ಪೆಲೆಟ್ ಓರೆಯಾಗಿ ಕೂತಾಗ ಬೋಲ್ಟನ್ನು ಬಲವಂತವಾಗಿ ನೂಕಲಾಗಿದೆ. ಉಬ್ಬಿ ಮೆತ್ತಗಾಗಿದ್ದರೆ ಯಾರೋ ತಪ್ಪು ಎಣ್ಣೆ ಹಾಕಿದ್ದಾರೆ. ಮೇಲ್ಮೈಯಲ್ಲಿ ಸಣ್ಣ ಬೊಬ್ಬೆಗಳಿದ್ದರೆ, ಒತ್ತಡದಲ್ಲಿ ರಬ್ಬರಿನೊಳಗೆ ಸೇರಿದ ಗಾಳಿ ಥಟ್ಟನೆ ಒತ್ತಡ ಬಿಟ್ಟಾಗ ಒಳಗಿನಿಂದ ಸೀಳಿದೆ. ಇದು ಸಿಲಿಂಡರ್ ಕಡೆಯ ಸೀಲುಗಳಲ್ಲಿ ಹೆಚ್ಚು. ಕಾರಣ ತಿಳಿಯದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಗ್ರೂವನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ. ಸೀಸದ ಬೂದು ಪುಡಿ ಬರುತ್ತದೆ. ಪೂರ್ತಿ ಹೋಗುವವರೆಗೂ ಒರೆಸಿ, ಕೈ ಸೋಪಿನಿಂದ ತೊಳೆಯದೆ ತಿಂಡಿ ಮುಟ್ಟಬೇಡಿ. ಹೊಸ ರಿಂಗಿಗೆ ಸಿಲಿಕೋನ್ ಗ್ರೀಸ್ ಎರಡು ಬೆರಳ ನಡುವೆ ಉಜ್ಜಿ ಹಚ್ಚಿ. ರಿಂಗ್ ಮಿರುಗಬೇಕು, ಗ್ರೀಸ್ ಮೆತ್ತಿದ ಹಾಗೆ ಕಾಣಬಾರದು. ಹೆಚ್ಚಾದ ಗ್ರೀಸ್ ಬ್ಯಾರಲಿಗೆ ಹೋಗಿ ಮುಂದಿನ ಇಪ್ಪತ್ತು ಮೂವತ್ತು ಪೆಲೆಟ್‌ಗಳನ್ನು ಎಲ್ಲೆಲ್ಲಿಗೋ ಕಳಿಸುತ್ತದೆ. ಥ್ರೆಡ್ ದಾಟಿಸಿ ಕೂರಿಸಬೇಕಿದ್ದರೆ ಥ್ರೆಡ್ಡಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲಿಂದ ಜಾರಿಸಿ. ಕೂತ ಮೇಲೆ ತಿರುಚಿಕೊಂಡಿಲ್ಲವೇ ಎಂದು ಸುತ್ತಲೂ ನೋಡಿ. ಬೋಲ್ಟ್ ಲಿವರ್ ಮೊದಲಿಗಿಂತ ಸ್ವಲ್ಪ ಬಿಗಿ ಎನಿಸುವುದು ಸಹಜ, ಹೊಡೆದಂತೆ ಹೊಂದಿಕೊಳ್ಳುತ್ತದೆ. ಹೆಬ್ಬೆರಳಿಗೆ ನೋವಾಗುವಷ್ಟು ಬಿಗಿಯಾಗಿದ್ದರೆ ರಿಂಗ್ ದಪ್ಪವಾಯಿತು, ತೆಗೆಯಿರಿ.

ಸಿಲಿಂಡರ್ ಕೂಡುವ ಜಾಗದ ಸೀಲಿಗೂ ಇದೇ ಕ್ರಮ. ಸಿಲಿಂಡರನ್ನು ಕೈಯಿಂದ ಮಾತ್ರ ತಿರುಗಿಸಿ ಕೂಡಿಸಿ. ಸೀಲು ಗಾಳಿ ತಡೆಯುವುದು ರಿಂಗಿನ ಅದುಮುವಿಕೆಯಿಂದ, ಬಿಗಿಸುವ ಬಲದಿಂದಲ್ಲ. ಪ್ಲೈಯರ್ ಹಾಕಿ ಬಿಗಿಸಿದರೆ ಹಾಳಾಗುವುದು ಥ್ರೆಡ್ಡು.

ಇಲ್ಲಿಗೆ ಮನೆಯ ಕೆಲಸದ ಗಡಿ. ಸಿಲಿಂಡರಿನ ವಾಲ್ವ್, ಗೇಜ್, ರೆಗ್ಯುಲೇಟರ್ ಬಿಚ್ಚಬೇಡಿ. ಒಳಗೆ ಒತ್ತಡವಿರುವಾಗ ವಾಲ್ವಿನ ಥ್ರೆಡ್ ಬಿಟ್ಟುಕೊಂಡರೆ ಅದು ಗುಂಡಿನಂತೆಯೇ ಹಾರುತ್ತದೆ. ರೆಗ್ಯುಲೇಟರ್ ಕೆಟ್ಟಿದೆಯೇ ಎಂದು ಬಿಚ್ಚದೆಯೇ ತಿಳಿಯಬಹುದು: ಕ್ರೋನೋಗ್ರಾಫಿನ (ಪೆಲೆಟ್ ವೇಗ ಅಳೆಯುವ ಸಾಧನ) ಮುಂದೆ ಹತ್ತು ಪೆಲೆಟ್ ಹೊಡೆಯಿರಿ, ಹದಿನೈದು ನಿಮಿಷ ಸುಮ್ಮನಿಟ್ಟು ಮತ್ತೊಂದು ಹೊಡೆಯಿರಿ. ಹತ್ತರಲ್ಲಿ ಅತಿ ಹೆಚ್ಚು-ಅತಿ ಕಡಿಮೆ ವೇಗದ ಅಂತರ ಸೆಕೆಂಡಿಗೆ ಮೂರು ನಾಲ್ಕು ಮೀಟರಿನೊಳಗಿದ್ದರೆ ಚಿಂತೆಯಿಲ್ಲ. ಸುಮ್ಮನಿಟ್ಟ ನಂತರದ ಮೊದಲ ಹೊಡೆತ ಪ್ರತಿ ಸಲವೂ ಎದ್ದು ಕಾಣುವಷ್ಟು ಜೋರಾಗಿದ್ದರೆ ರೆಗ್ಯುಲೇಟರಿನ ಸೀಟು ಒಳಗೇ ಸೋರಿ ಒತ್ತಡ ಏರಿಸುತ್ತಿದೆ. ಅದು ಸರ್ವಿಸ್ ಮಾಡುವವರ ಕೆಲಸ.

ತುಂಬಿಸುವ ಗಾಳಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಸೀಲುಗಳು ಬೇಗ ಹಾಳಾಗುವುದಕ್ಕೆ ಎಷ್ಟೋ ಸಲ ಮೂಲ ಇಲ್ಲೇ ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ತೇವದ ಗಾಳಿಯನ್ನು ಕೈಪಂಪಿನಿಂದ 200 ಬಾರ್‌ಗೆ ಒತ್ತಿದರೆ ಅದರ ನೀರೆಲ್ಲ ಹನಿಯಾಗಿ ಸಿಲಿಂಡರಿನೊಳಗೆ ಇಳಿಯುತ್ತದೆ. ಪಂಪಿಗೆ ಸಿಲಿಕಾ ಜೆಲ್ ಫಿಲ್ಟರ್ ಇರಲಿ, ಬಣ್ಣ ಬದಲಾದ ಜೆಲ್ಲನ್ನು ಆಗಾಗ ಬದಲಿಸಿ, ಐವತ್ತು ಅರವತ್ತು ಸಲ ಒತ್ತಿದ ಮೇಲೆ ನಿಲ್ಲಿಸಿ ಪಂಪಿನ ನೀರು ಹೊರಬಿಡಿ. ವೆಲ್ಡಿಂಗ್ ಅಂಗಡಿಯ ಆಮ್ಲಜನಕವನ್ನು ಎಂದಿಗೂ ತುಂಬಿಸಬೇಡಿ. ಹೆಚ್ಚು ಒತ್ತಡದ ಆಮ್ಲಜನಕಕ್ಕೆ ಎಣ್ಣೆ-ಗ್ರೀಸಿನ ಸೋಂಕು ತಗುಲಿದರೆ ಸ್ಫೋಟವಾಗುತ್ತದೆ, ಕೈ ಹೋಗುತ್ತದೆ. ಸಿಲಿಂಡರಿನ ಮೇಲೆ ಅಚ್ಚಾದ ತಾರೀಖನ್ನೂ ನೋಡಿ: ತಯಾರಾಗಿ ಹತ್ತು ವರ್ಷ ಕಳೆದ ಸಿಲಿಂಡರ್ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ಸ್ಪರ್ಧೆಗೆ ನಡೆಯುವುದಿಲ್ಲ. ಹಳೆಯ ಪಿಸ್ತೂಲು ಕೊಳ್ಳುವವರು ಬೆಲೆ ಮಾತಾಡುವ ಮೊದಲೇ ಇದನ್ನು ಓದಬೇಕು.

ಟ್ರಿಗರ್

ನಿಯಮದ ಪ್ರಕಾರ ಹತ್ತು ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಹೊರಬೇಕು. ಸರಿಯಾಗಿ 500ಕ್ಕೆ ಕೂರಿಸಿದರೆ ತಪಾಸಣೆಯ ಮೇಜಿನ ಮುಂದೆ ಎದೆ ಹೊಡೆದುಕೊಳ್ಳುತ್ತದೆ, ಆದ್ದರಿಂದ ಮನೆಯಲ್ಲಿ 510-520ಕ್ಕೆ ಇಡಿ. ತೂಗುವುದು ಹೀಗೆ: ಸಿಲಿಂಡರ್ ಹಾಕಿ, ಪೆಲೆಟ್ ಇಲ್ಲದೆ, ಗಾಳಿ ಹೊಡೆಯುವ ಸ್ಥಾನದಲ್ಲೇ ಕಾಕ್ ಮಾಡಿ, ಮೂತಿ ನೆಟ್ಟಗೆ ಮೇಲಕ್ಕಿರುವಂತೆ ಹಿಡಿದು, ತೂಕದ ಕೊಕ್ಕೆಯನ್ನು ಟ್ರಿಗರಿನ ನಡುವಿಗೆ ಸಿಕ್ಕಿಸಿ, ತೂಕವನ್ನು ಮೇಜಿನಿಂದ ನಿಧಾನವಾಗಿ ಎತ್ತಿ. ಡ್ರೈ ಫೈರ್ ಸ್ಥಾನದಲ್ಲಿ ತೂಗಿದರೆ ಲೆಕ್ಕ ಬೇರೆಯೇ ಬರಬಹುದು.

ಸ್ಕ್ರೂ ಮುಟ್ಟುವ ಮೊದಲು ಪ್ರತಿಯೊಂದರ ತಲೆಗೂ ಅದರ ಪಕ್ಕದ ಲೋಹಕ್ಕೂ ಸೇರಿಸಿ ಸಣ್ಣ ಬಿಳಿ ಗೆರೆ ಎಳೆಯಿರಿ. ಹಿಂದಿರುಗುವ ದಾರಿ ಅದೊಂದೇ. ಮೊದಲು ಟ್ರಿಗರ್ ಎಲೆಯ ಜಾಗ: ಬೆರಳಿನ ಮೊದಲ ಗೆಣ್ಣಿನ ದಿಂಬು ನೇರವಾಗಿ ಹಿಂದಕ್ಕೆ ಒತ್ತುವಂತಿರಬೇಕು, ಬೆರಳು ಹಿಡಿಗೆ ತಾಗಬಾರದು. ಇದನ್ನು ಆಮೇಲೆ ಸರಿಸಿದರೆ ತೂಕ ಬದಲಾಗುತ್ತದೆ, ಅದಕ್ಕೇ ಇದು ಮೊದಲು. ನಂತರ ಮೊದಲ ಹಂತದ (ಬೆರಳಿಗೆ ಗೋಡೆಯಂಥ ತಡೆ ಸಿಗುವವರೆಗಿನ ಎಳೆತ) ಭಾರ, ಆಮೇಲೆ ಎರಡನೆಯದರದು (ಆ ತಡೆ ದಾಟಿ ಹೊಡೆತ ಹೋಗುವ ಎಳೆತ). ಮೊದಲ ಹಂತಕ್ಕೆ 350-400 ಗ್ರಾಂ, ಉಳಿದದ್ದು ಎರಡನೆಯದಕ್ಕೆ ಎಂಬ ಹಂಚಿಕೆ ಹೆಚ್ಚಿನವರಿಗೆ ಒಗ್ಗುತ್ತದೆ. ಎರಡನೇ ಹಂತ ತೀರಾ ಹಗುರವಾದರೆ ಗೋಡೆ ಎಲ್ಲಿದೆ ಎಂದು ಬೆರಳಿಗೆ ತಿಳಿಯದೆ, ಗುರಿ ಕೂರುವ ಮೊದಲೇ ಹೊಡೆತ ಹೋಗುತ್ತದೆ.

ಸಿಯರ್ (ಟ್ರಿಗರ್ ಎಳೆಯುವವರೆಗೆ ಹೊಡೆಯುವ ಭಾಗವನ್ನು ತಡೆಹಿಡಿಯುವ ಕೊಂಡಿ) ಹಿಡಿತದ ಸ್ಕ್ರೂ ಮಾತ್ರ ಅಪಾಯದ್ದು. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಬೇಡಿ. ಹಿಡಿತ ತೀರಾ ಕಡಿಮೆಯಾದರೆ ಟ್ರಿಗರ್ ಗಾಜು ಮುರಿದಂತೆ ಚುರುಕಾಗಿ ಬಿಡುತ್ತದೆ, ನಿಜ. ಆದರೆ ಬೋಲ್ಟ್ ಮುಚ್ಚುವಾಗಲೇ ಹೊಡೆದುಬಿಡುವ ಪಿಸ್ತೂಲನ್ನು ಯಾವ ರೇಂಜಿನಲ್ಲೂ ಇಟ್ಟುಕೊಳ್ಳಬಾರದು. ಪ್ರತಿ ಸಲ ತಿರುಗಿಸಿದ ಮೇಲೂ ಪೆಲೆಟ್ ಇಲ್ಲದೆ, ಮೂತಿ ಟ್ರ್ಯಾಪಿನ ಕಡೆಗಿಟ್ಟು, ಬೋಲ್ಟನ್ನು ಜೋರಾಗಿ ಇಪ್ಪತ್ತು ಸಲ ಮುಚ್ಚಿ. ಕಾಕ್ ಆಗಿರುವಾಗ ಹಿಡಿಯ ಪಕ್ಕಕ್ಕೆ ಅಂಗೈಯಿಂದ ತಟ್ಟಿ. ಒಂದೇ ಒಂದು ಸಲ ತಾನಾಗಿ ಬಿಟ್ಟರೂ ಸ್ಕ್ರೂವನ್ನು ಬಿಳಿ ಗೆರೆಗೆ ವಾಪಸ್ ತನ್ನಿ.

ಕೊನೆಗೆ ಹೊಡೆದ ನಂತರ ಟ್ರಿಗರ್ ನಿಲ್ಲುವ ಸ್ಕ್ರೂ. ಟ್ರಿಗರ್ ಬಿಡದಷ್ಟು ಒಳಗೆ ತಿರುಗಿಸಿ, ಬಿಡುವಲ್ಲಿಗೆ ಹಿಂದಕ್ಕೆ ತಂದು, ಇನ್ನೂ ಅರ್ಧ ಸುತ್ತು ಬಿಡಿ. ಆ ಅರ್ಧ ಸುತ್ತು ಉಳಿಸದಿದ್ದರೆ ಒಂದು ಧೂಳಿನ ಕಣ ಸಾಕು, ಪಂದ್ಯದ ನಡುವೆ ಟ್ರಿಗರ್ ಕಲ್ಲಾಗುತ್ತದೆ. ಬೆಂಗಳೂರಿನಲ್ಲಿ ಯಾವ ಬೀದಿಯಲ್ಲೂ ಕಟ್ಟಡದ ಧೂಳಿಗೆ ಬರವಿಲ್ಲ. ಕೈಪಿಡಿ ಹೇಳದ ಕಡೆ ಸಿಯರಿಗೆ ಎಣ್ಣೆ ಬಿಟ್ಟರೆ ಆ ಧೂಳೆಲ್ಲ ಅಲ್ಲೇ ಅಂಟಿಕೊಳ್ಳುತ್ತದೆ.

ಸೈಟ್ ಮತ್ತು ಹಿಡಿ

ಮುಂದಿನ ಸೈಟಿನ (ಗುರಿ ನೋಡುವ ಭಾಗ) ಬ್ಲೇಡ್ ಸಾಮಾನ್ಯವಾಗಿ ಒಂದೇ ಸ್ಕ್ರೂವಿನದು. ಬದಲಿಸಿದ ಮೇಲೆ ಹಳೆಯ ಝೀರೋ (ಗುರಿಯ ಹೊಂದಾಣಿಕೆ) ನಂಬಬೇಡಿ. ಹಿಂದಿನ ಸೈಟಿನ ಒಂದು ಕ್ಲಿಕ್ಕು ಎಷ್ಟು ಸರಿಸುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಐದು ಹೊಡೆದು, ಹತ್ತು ಕ್ಲಿಕ್ ತಿರುಗಿಸಿ, ಮತ್ತೆ ಐದು ಹೊಡೆದು ಎರಡು ಗುಂಪುಗಳ ನಡುವಿನ ಅಂತರ ಅಳೆದರೆ ಗೊತ್ತಾಗುತ್ತದೆ. ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಅಷ್ಟೇ ಇರುವುದರಿಂದ ಈ ಲೆಕ್ಕ ಬಾಯಿಪಾಠವಾಗಿರಲಿ. ರೇಂಜಿನ ಬೆಳಕು ಮಂಕಾಗಿದ್ದರೆ ಹಿಂದಿನ ಸೈಟಿನ ಸೀಳನ್ನು ಸ್ವಲ್ಪ ಅಗಲಿಸಿ, ಬ್ಲೇಡಿನ ಎರಡೂ ಬದಿಯ ಬಿಳಿ ಗೆರೆ ಸ್ಪಷ್ಟವಾಗುತ್ತದೆ.

ಹಿಡಿಯ ಕೆಲಸದಲ್ಲಿ ಅವಸರ ಮಾಡಿದವರು ಮರ ಕಳೆದುಕೊಳ್ಳುತ್ತಾರೆ. ಕೆರೆಯುವುದಕ್ಕೂ ಮೊದಲು ತುಂಬಿಸಿ ನೋಡಿ. ಹಿಡಿಯನ್ನು ಪಿಸ್ತೂಲಿನಿಂದ ಬಿಚ್ಚಿ, ಲೋಹ ಕೂರುವ ಕುಳಿಗೆ ಟೇಪ್ ಅಂಟಿಸಿ, ಅಂಗೈಗೂ ಮರಕ್ಕೂ ಸಂದಿ ಇರುವ ಕಡೆ ಎಂ-ಸೀಲ್ ತೆಳುವಾಗಿ ಮೆತ್ತಿ. ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ಕೈಗೆ ಗ್ಲೌಸ್ ಹಾಕಿ, ಕೂತಲ್ಲಲ್ಲ, ಹೊಡೆಯುವ ಭಂಗಿಯಲ್ಲೇ ನಿಂತು, ಕೈ ಚಾಚಿ ಹಿಡಿಯಿರಿ. ಮಣಿಕಟ್ಟಿನ ಕೋನ ಬದಲಾದರೆ ಅಂಗೈಯ ಆಕಾರವೂ ಬದಲಾಗುತ್ತದೆ. ಒಂದು ದಿನ ಪೂರ್ತಿ ಒಣಗಿಸಿ, 120ರ ಸ್ಯಾಂಡ್ ಪೇಪರಿನಿಂದ ತಿದ್ದಿ, 220ರಿಂದ ಮುಗಿಸಿ. ತೀರಾ ನುಣುಪು ಮಾಡಬೇಡಿ, ಬೆವರಿದ ಕೈ ಜಾರುತ್ತದೆ. ಸ್ಪರ್ಧೆಯ ನಿಯಮದಂತೆ ಕೆಳಗಿನ ಅಂಗೈ ಆಸರೆ ಹಿಡಿಯೊಂದಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಮೇಲಕ್ಕೆ ಬಾಗಿರಬಾರದು, ಹಿಡಿ ಕೈಯನ್ನು ಸುತ್ತುವರಿಯಬಾರದು, ಇಡೀ ಪಿಸ್ತೂಲು 420 × 200 × 50 ಮಿ.ಮೀ. ಪೆಟ್ಟಿಗೆಯಲ್ಲಿ ಹಿಡಿಯಬೇಕು, ತೂಕ 1500 ಗ್ರಾಂ ಮೀರಬಾರದು. ದಪ್ಪಗೆ ಮೆತ್ತಿದ ಹಿಡಿ ಸಿಕ್ಕಿಹಾಕಿಕೊಳ್ಳುವುದು ಆ 50 ಮಿಲಿಮೀಟರಿನಲ್ಲಿ.

ಹಿಡಿಯ ಸ್ಕ್ರೂ ಮರದ ಕಾರಣದಿಂದ ಸಡಿಲವಾಗುತ್ತದೆ: ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಫೆಬ್ರುವರಿ-ಮಾರ್ಚ್ ಒಣಹವೆಗೆ ಕುಗ್ಗುತ್ತದೆ. ಅದಕ್ಕೆ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಹಾಕಿ ಪ್ರಯೋಜನವಿಲ್ಲ, ವಾರಕ್ಕೊಮ್ಮೆ ಅಲೆನ್ ಕೀಯಿಂದ ಮುಟ್ಟಿ ನೋಡಿದರೆ ಸಾಕು. ಲೋಹಕ್ಕೆ ಲೋಹ ಕೂಡುವ ಸೈಟ್ ಸ್ಕ್ರೂಗಳಿಗೆ ಲಾಕ್‌ಟೈಟ್ 222 ಎಂಬ ಹಗುರ ಲಾಕರ್ ಒಂದು ಚುಕ್ಕೆ ಸಾಕು. ಕೆಂಪು ಬಣ್ಣದ ಗಟ್ಟಿ ಲಾಕರ್ ಈ ಸಣ್ಣ ಸ್ಕ್ರೂಗಳಿಗೆ ಬೇಡ. ತೆಗೆಯುವಾಗ ಸ್ಕ್ರೂವೇ ಮುರಿಯುತ್ತದೆ. ಟ್ರಿಗರ್ ಸ್ಕ್ರೂಗಳ ಹತ್ತಿರ ಯಾವ ಲಾಕರೂ ಬೇಡ, ಹರಿದು ಸಿಯರಿಗೆ ಅಂಟುತ್ತದೆ.

ಎಲ್ಲ ಕೂಡಿಸಿದ ಮೇಲೆ ಸಿಲಿಂಡರ್ ಹಾಕಿ, ಗೇಜ್ ಓದಿ ಬರೆದಿಟ್ಟು, ಪೆಲೆಟ್ ಇಲ್ಲದೆ ಹತ್ತು ಸಲ ಹೊಡೆಯಿರಿ. ನಂತರ ಬ್ಯಾರಲಿಗೆ ಹಿಂದಿನಿಂದ ಮುಂದಕ್ಕೆ ಮೂರು ನಾಲ್ಕು ಒಣ ಫೆಲ್ಟ್ ಪೆಲೆಟ್ (ಬ್ಯಾರಲ್ ಒರೆಸುವ ಮೆತ್ತನೆಯ ತುಂಡು) ಹಾಯಿಸಿ ತಪ್ಪಿಬಂದ ಗ್ರೀಸ್ ತೆಗೆಯಿರಿ. ಮೊದಲ ಮೂವತ್ತು ಪೆಲೆಟ್‌ಗಳ ಗುಂಪು ನೋಡಿ ಸೈಟ್ ತಿರುಗಿಸಬೇಡಿ, ಬ್ಯಾರಲ್ ಇನ್ನೂ ನೆಲೆಗೊಂಡಿರುವುದಿಲ್ಲ. ಆಮೇಲೆ ಟಿಶ್ಯೂ ಪರೀಕ್ಷೆ, 500 ಗ್ರಾಂ ತೂಕ, ಒಂದು ರಾತ್ರಿಯ ಗೇಜ್ ಪರೀಕ್ಷೆ ಮೂರನ್ನೂ ಇನ್ನೊಮ್ಮೆ ಮಾಡಿ, ಬದಲಿಸಿದ ಭಾಗದ ಅಳತೆ ಮತ್ತು ತಾರೀಖನ್ನು ಪಿಸ್ತೂಲಿನ ಪೆಟ್ಟಿಗೆಯೊಳಗೆ ಚೀಟಿಯಲ್ಲಿ ಬರೆದಿಡಿ.